ಲೈನು ಸರಿಯಿತ್ತು

ಶನಿವಾರದ ಆಟದಲ್ಲಿ ಮೂರು ಸಲ, ಭಾನುವಾರದ ಆಟದಲ್ಲಿ ಐದು ಸಲ, ರಂಗದ ಮೇಲಿನ ದೀಪಗಳು ಯಾರೂ ಹೇಳದೆಯೇ ಮಿಟುಕಿದವು. ಐದನೆಯ ಸಲವಂತೂ, ಸಾಯುತ್ತಿರುವ ತಂದೆ ಮಗನ ಕೈ ಹಿಡಿದು ಕೊನೆಯ ಮಾತು ಆಡುವ ಹೊತ್ತಿಗೆ, ಇಡೀ ರಂಗ ಬದನೆಕಾಯಿ ಬಣ್ಣಕ್ಕೆ ತಿರುಗಿ, ಒಂದು ಕ್ಷಣ ಹಾಗೇ ನಿಂತು, ಮತ್ತೆ ಸರಿಹೋಯಿತು. ಬಾಲ್ಕನಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಹರಡಿ, ಸಾಯಬೇಕಾಗಿದ್ದ ನಟ ಸಾಯುವುದಕ್ಕೆ ಒಂದೂವರೆ ನಿಮಿಷ ಹೆಚ್ಚು ತೆಗೆದುಕೊಂಡ.

ಸೋಮವಾರ ಬೆಳಿಗ್ಗೆ ಮ್ಯಾನೇಜರು ಲೈಟಕ್ಕನನ್ನು ಕರೆಸಿದರು. ಆ ರಂಗಮಂದಿರದ ದೀಪಗಳ ಹೊಣೆ ಹೊತ್ತವಳಿಗೆ ನಾಟಕದವರು ಇಟ್ಟ ಹೆಸರು ಅದು. ಮೂವತ್ತೆಂಟು ವರ್ಷದ ಹೆಂಗಸು. ಸೊಂಟಕ್ಕೆ ಸದಾ ಒಂದು ಸ್ಕ್ರೂಡ್ರೈವರು, ಕಿವಿಯ ಹಿಂದೆ ಪೆನ್ಸಿಲು. ಮ್ಯಾನೇಜರು ಅವಳನ್ನು ಕೂರಿಸಿ ಹೆಚ್ಚು ಮಾತಾಡಲಿಲ್ಲ. ದೀಪಗಳನ್ನು ನಡೆಸುವ ಬೋರ್ಡಿನ ಮುಂದೆ ಕೂರುವವನಿಗೆ ವಯಸ್ಸಾಯಿತು, ಕಣ್ಣೂ ಸರಿಯಿಲ್ಲ, ಎಲ್ಲೆಲ್ಲೋ ಒತ್ತುತ್ತಿರಬೇಕು ಎಂದರು. ಶುಕ್ರವಾರದೊಳಗೆ ಇದು ನಿಲ್ಲದಿದ್ದರೆ ಅಲ್ಲಿ ಬೇರೆಯವರನ್ನು ಕೂರಿಸುತ್ತೇನೆ ಎಂದೂ ಹೇಳಿದರು.

"ಕೈ ತಪ್ಪಿರುತ್ತೆ ಅಷ್ಟೇ ಕಣಮ್ಮ. ಯಂತ್ರ ಯಾಕೆ ಸುಮ್ಮನೆ ಹಾಗೆ ಮಾಡುತ್ತೆ?"

ಬೋರ್ಡಿನ ಮುಂದೆ ಕೂರುವವನನ್ನು ಎಲ್ಲರೂ ಸೋಡಾಬುಡ್ಡಿ ಎನ್ನುತ್ತಿದ್ದರು. ಅಷ್ಟು ದಪ್ಪದ ಕನ್ನಡಕ. ಐವತ್ತು ದಾಟಿದವನು, ಆರು ವರ್ಷದಿಂದ ಒಂದು ಸೂಚನೆಯನ್ನೂ ತಪ್ಪಿಸಿದವನಲ್ಲ. ತಾನು ಹೋಗಬೇಕಾಗಬಹುದು ಎಂಬುದು ಅವನಿಗೆ ಆಗಲೇ ಗೊತ್ತಾಗಿತ್ತು. ಲೈಟಕ್ಕ ಬಂದಾಗ ಬೋರ್ಡಿನ ಧೂಳು ಒರೆಸುತ್ತ, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತ ಕೂತಿದ್ದ.

ಕೈ ತಪ್ಪಿರುತ್ತೆ ಎಂಬ ಮಾತು ಆ ಕಟ್ಟಡಕ್ಕೆ ಹೊಸದಲ್ಲ. ಹದಿನಾಲ್ಕು ವರ್ಷದ ಹಿಂದೆ ಅದೇ ಮಾತು ಲೈಟಕ್ಕನ ಚಿಕ್ಕಪ್ಪನ ಮೇಲೆ ಬಿದ್ದಿತ್ತು. ಆಗ ಅವಳ ಅಪ್ಪ ಅಲ್ಲಿನ ಮುಖ್ಯ ಎಲೆಕ್ಟ್ರಿಷಿಯನ್. ಅಪ್ಪನ ತಮ್ಮ ಬೋರ್ಡಿನವನು. ಮಾರ್ಚ್ ಹನ್ನೊಂದರ ಸಂಜೆ, ಮೂರನೆಯ ಅಂಕದಲ್ಲಿ, ನಾಯಕಿಯ ಪಾತ್ರದ ನಟಿ ಹಿಡಿಕಂಬಿಯಿಲ್ಲದ ಎತ್ತರದ ಮೆಟ್ಟಿಲಿಳಿದು ಬರುತ್ತಿರುವಾಗ ದೀಪಗಳೆಲ್ಲ ಒಮ್ಮೆಗೇ ಆರಿದವು. ಎರಡೇ ಸೆಕೆಂಡು. ದೀಪ ಬಂದಾಗ ಅವರು ಕೆಳಗೆ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಅವರು ಮತ್ತೆ ರಂಗ ಹತ್ತಲಿಲ್ಲ. ಸರಿಯಾಗಿ ನಡೆಯಲೂ ಇಲ್ಲ.

ಹದಿನಾರನೆಯ ತಾರೀಖು ವಿಚಾರಣೆಯಾಯಿತು. ಲೈನು ಸರಿಯಿದೆ, ನಾನೇ ಪರೀಕ್ಷೆ ಮಾಡಿದ್ದೇನೆ ಎಂದು ಅಪ್ಪ ಹೇಳಿದ. ಮೊದಲ ದಿನ, ನಾನೇನೂ ಒತ್ತಲಿಲ್ಲ ಎಂದು ಅಳುತ್ತಿದ್ದ ಚಿಕ್ಕಪ್ಪ, ವಿಚಾರಣೆಯ ಹೊತ್ತಿಗೆ, ಬೋರ್ಡಿನ ಬಲಮೂಲೆಯಲ್ಲಿದ್ದ ಎಲ್ಲ ದೀಪ ಆರಿಸುವ ಗುಂಡಿಗೆ ನನ್ನ ಮೊಣಕೈ ತಾಗಿರಬಹುದು ಎಂದ. ಅವತ್ತೇ ಅವನನ್ನು ತೆಗೆದುಹಾಕಿದರು. ಉಡುಪಿನ ಕೋಣೆಯಲ್ಲಿ ಹೊಲಿಗೆ ಮಾಡುತ್ತಿದ್ದ ಒಬ್ಬಳು ಅವನನ್ನು ಮದುವೆಯಾಗುವುದೆಂದು ಮಾತಾಗಿತ್ತು. ಅವಳು ಜಗಳವಾಡಲಿಲ್ಲ, ಹೇಳಲೂ ಇಲ್ಲ, ಬೇರೆ ಕೆಲಸ ಹಿಡಿದು ಹೊರಟುಹೋದಳು. ಅಪ್ಪ ಓಡಾಡಿ ತಮ್ಮನಿಗೆ ಒಂದು ಕಾಗದದ ಗೋದಾಮಿನಲ್ಲಿ ಗೇಟು ಕಾಯುವ ಕೆಲಸ ಕೊಡಿಸಿದ. ಚಿಕ್ಕಪ್ಪ ಅದನ್ನು ದೊಡ್ಡ ಉಪಕಾರವೆಂದು ತಿಳಿದಿದ್ದ. ಪ್ರತಿ ಭಾನುವಾರ ಮಧ್ಯಾಹ್ನ ಅಣ್ಣನ ಮನೆಗೆ ಊಟಕ್ಕೆ ಬರುತ್ತಿದ್ದ. ಅಣ್ಣ ಎದ್ದು ನಿಂತರೆ ಎದ್ದು ನಿಲ್ಲುತ್ತಿದ್ದ.

ಚಿಕ್ಕಪ್ಪ ಬಿಟ್ಟ ಕುರ್ಚಿಯಲ್ಲಿ ಕೂತವಳು ಲೈಟಕ್ಕ. ಆಗ ಅವಳಿಗೆ ಇಪ್ಪತ್ತನಾಲ್ಕು. ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದು, ಅಪ್ಪನ ಮನೆಯ ಮೂಲೆಯಲ್ಲಿ ಗೋಡೆ ನೋಡುತ್ತ ಕೂತಿದ್ದಳು. ಅಪ್ಪ ಕರೆದುಕೊಂಡು ಹೋಗಿ ಕೆಲಸ ಕಲಿಸಿದ. ಅವನು ನಿವೃತ್ತನಾದ ಮೇಲೆ ಅವನ ಜಾಗವೂ ಅವಳಿಗೇ ಬಂತು.

ಈಗ ಅದೇ ಮಾತು ಸೋಡಾಬುಡ್ಡಿಯ ಮೇಲೆ ಬಿದ್ದಾಗ ಅವಳು ಮ್ಯಾನೇಜರ ಜೊತೆ ವಾದ ಮಾಡಲಿಲ್ಲ. ಕೆಲಸ ಶುರುಮಾಡಿದಳು.

ಬೋರ್ಡಿನಿಂದ ಹೊರಟ ಒಂದೇ ಒಂದು ತೆಳು ಕೇಬಲ್ಲು ಬಾಲ್ಕನಿಯ ಕೆಳಗೆ ಹಾದು, ಗೋಡೆಯೊಳಗೆ ಇಳಿದು, ರಂಗದ ಪಕ್ಕದ ಕೋಣೆಗೆ, ಅಲ್ಲಿಂದ ದೀಪಗಳಿಗೆ ಹೋಗುತ್ತದೆ. ದೀಪ ಉರಿಸುವ ವಿದ್ಯುತ್ತು ಅದರಲ್ಲಿಲ್ಲ. ಅಪ್ಪಣೆ ಮಾತ್ರ ಇದೆ. ಯಾವ ದೀಪ ಎಷ್ಟು ಉರಿಯಬೇಕು, ಯಾವ ಬಣ್ಣ ತಾಳಬೇಕು ಎಂಬ ಅಪ್ಪಣೆಗಳು ಒಂದರ ಬೆನ್ನಿಗೆ ಒಂದು ಸೆಕೆಂಡಿಗೆ ನಲವತ್ತು ಸಲ ಅದರಲ್ಲಿ ಓಡುತ್ತವೆ. ಆ ಲೈನು ಒಂದು ದೀಪದಿಂದ ಇನ್ನೊಂದಕ್ಕೆ ಸರದಂತೆ ಹೋಗಬೇಕು, ನಡುವೆ ಕವಲೊಡೆಯಬಾರದು. ಕವಲು ಬೇಕೆಂದರೆ ಅದಕ್ಕೆಂದೇ ಒಂದು ಪೆಟ್ಟಿಗೆಯಿದೆ, ಅದನ್ನು ಹಾಕಬೇಕು. ಲೈನಿನ ತುದಿಯಲ್ಲಿ ಒಂದು ಪುಟ್ಟ ಪ್ಲಗ್ಗು ಇರಬೇಕು, ಅದರೊಳಗೆ ಅಕ್ಕಿಕಾಳಿನಷ್ಟು ದೊಡ್ಡ ರೆಸಿಸ್ಟರು. ತುದಿಗೆ ಬಂದ ಅಪ್ಪಣೆಗಳು ಅದರಲ್ಲಿ ಇಂಗಿಹೋಗುತ್ತವೆ. ಅದಿಲ್ಲದಿದ್ದರೆ, ಖಾಲಿ ಸಭಾಂಗಣದಲ್ಲಿ ಕೂಗಿದ ಕೂಗಿನಂತೆ, ಹೋದದ್ದು ಬಡಿದು ವಾಪಸು ಬಂದು ಹಿಂದಿನಿಂದ ಬರುವ ಅಪ್ಪಣೆಯ ಜೊತೆ ಕಲಸಿಹೋಗುತ್ತದೆ. ದೀಪ ಪಾಪ, ತನಗೆ ಕೇಳಿಸಿದ್ದನ್ನು ಮಾಡುತ್ತದೆ. ಇದೆಲ್ಲ ಅಪ್ಪ ಅವಳಿಗೆ ಮೊದಲ ವಾರವೇ ಹೇಳಿಕೊಟ್ಟಿದ್ದ. ಕವಲಿನ ವಿಷಯ ಹೇಳುವಾಗ ಬೆರಳ ಗೆಣ್ಣಿನಿಂದ ತಲೆಗೆ ಒಂದು ಮೊಟಕಿದ್ದ, ಮರೆಯದಿರಲಿ ಎಂದು.

ಸೋಮವಾರ ಆಟವಿರಲಿಲ್ಲ. ಲೈಟಕ್ಕ ಬೋರ್ಡು ಬದಲಿಸಿ ನೋಡಿದಳು, ಬೋರ್ಡಿನ ಬಳಿಯ ಕೇಬಲ್ಲು ಬದಲಿಸಿದಳು, ತುದಿಯ ಪ್ಲಗ್ಗು ತೆಗೆದು ಹೊಸದು ಹಾಕಿದಳು. ಖಾಲಿ ರಂಗದ ಮೇಲೆ ಇಡೀ ನಾಟಕದ ದೀಪಗಳನ್ನು ಮೂರು ಸಲ ಓಡಿಸಿದಳು. ಒಂದು ದೀಪವೂ ಅಲುಗಲಿಲ್ಲ. ಮಂಗಳವಾರ ಜನ ಕಡಿಮೆಯೆಂದು ಬಾಲ್ಕನಿ ತೆರೆಯಲಿಲ್ಲ. ಆಟ ಹೂವೆತ್ತಿದಂತೆ ಮುಗಿಯಿತು. ಬುಧವಾರ ಯಾವುದೋ ಕಾರ್ಖಾನೆಯವರು ಬಾಲ್ಕನಿಯನ್ನೆಲ್ಲ ಕಾದಿರಿಸಿದ್ದರು. ಲೈಟಕ್ಕ ಸೋಡಾಬುಡ್ಡಿಯ ಪಕ್ಕದಲ್ಲೇ ನಿಂತಿದ್ದಳು. ಎರಡನೆಯ ಅಂಕದಲ್ಲಿ ಅವನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗಲೇ ರಂಗ ಕಪ್ಪಾಗಿ ಮತ್ತೆ ಬೆಳಗಿತು. ಅವನು ಕೈಗಳನ್ನು ಎತ್ತಿ, ಅಂಗೈ ತಿರುಗಿಸಿ, ಪೊಲೀಸರಿಗೆ ತೋರಿಸುವವನಂತೆ ಅವಳಿಗೆ ತೋರಿಸಿದ. ನೋಡಿದೆ ಎಂದು ಅವಳು ತಲೆಯಾಡಿಸಿದಳು.

ಗುರುವಾರ ಬೆಳಿಗ್ಗೆ ಎಂಟಕ್ಕೇ ಬಂದಳು. ಲೈನನ್ನು ನಡುವೆ ಬಿಡಿಸಿ ಅರ್ಧರ್ಧ ಪರೀಕ್ಷಿಸುವುದೆಂದು ಯೋಚಿಸಿದ್ದಳು, ಆದರೆ ತೊಂದರೆ ಕಾಣಿಸಿಕೊಳ್ಳದಿದ್ದರೆ ಯಾವ ಅರ್ಧದಲ್ಲಿದೆ ಎಂದು ಹೇಳುವುದು ಹೇಗೆ? ರಂಗದ ದೀಪಗಳನ್ನೆಲ್ಲ ಅರ್ಧಕ್ಕೆ ಉರಿಸಿಟ್ಟು ಕೆಳಗಿನ ಸಾಲಿನಲ್ಲಿ ಕೂತು ಸುಮ್ಮನೆ ನೋಡತೊಡಗಿದಳು. ಮೇಲೆ ಗುಡಿಸುವಾಕೆ ಬಾಲ್ಕನಿಯ ಸಾಲುಗಳ ನಡುವೆ ಪೊರಕೆ ಆಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ರಂಗ ಮಿಟುಕಿತು. ಇನ್ನೊಮ್ಮೆ ಮಿಟುಕಿತು.

ಲೈಟಕ್ಕ ಎದ್ದು ನಿಂತು, ಅಮ್ಮಾ, ಅಲ್ಲೇ ನಿಲ್ಲಿ, ಈಗ ಇಟ್ಟ ಹೆಜ್ಜೆಯನ್ನೇ ಮತ್ತೆ ಇಡಿ ಎಂದು ಕೂಗಿದಳು. ಆಕೆ ತನ್ನಿಂದ ಏನೋ ಮುರಿಯಿತೆಂದು ಹೆದರಿ ಪೊರಕೆ ಎದೆಗವಚಿಕೊಂಡು ನಿಂತಳು. ಮುಂದಿನ ಸಾಲಿನ ಮೆಟ್ಟಿಲಿನ ಮೇಲೆ ಕಾಲಿಟ್ಟರೆ ದೀಪ ಕುಣಿಯುತ್ತಿತ್ತು, ತೆಗೆದರೆ ಸುಮ್ಮನಾಗುತ್ತಿತ್ತು. ಖಾಲಿ ಮಂದಿರದಲ್ಲಿ ಇಲ್ಲದ ರೋಗ ಆಟದಲ್ಲಿ ಯಾಕೆ ಬರುತ್ತಿತ್ತೆಂದು ಲೈಟಕ್ಕನಿಗೆ ಅರ್ಥವಾಯಿತು. ಬಾಲ್ಕನಿಯಲ್ಲಿ ಜನ ಓಡಾಡಿದಾಗ ಮಾತ್ರ ಅದು ಬರುತ್ತಿತ್ತು.

ಬಾಲ್ಕನಿಯ ಹಲಗೆಗಳ ಕೆಳಗೆ ತೆವಳಿ ಹೋಗುವಷ್ಟು ಜಾಗವಿತ್ತು. ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ಮೊಣಕೈ ಊರಿ, ವರ್ಷಗಟ್ಟಲೆಯ ಧೂಳು ನುಂಗುತ್ತ ಅವಳು ಲೈನಿನ ಗುಂಟ ಹೋದಳು. ಅಪ್ಪ ಬರೆದಿಟ್ಟ ನಕ್ಷೆಯಲ್ಲಿ ಅಲ್ಲಿ ಲೈನು ನೇರವಾಗಿ ಹೋಗುತ್ತದೆ. ನಕ್ಷೆಯಲ್ಲಿಲ್ಲದ ಒಂದು ತಗಡಿನ ಡಬ್ಬಿ ಅಲ್ಲಿತ್ತು. ಮುಚ್ಚಳ ತೆಗೆದಾಗ ಲೈನನ್ನು ಕತ್ತರಿಸಿ, ತಂತಿಗೆ ತಂತಿ ಹೊಸೆದು, ಒಂದು ಕವಲು ತೆಗೆದಿರುವುದು ಕಂಡಿತು. ಬಾಲ್ಕನಿಯ ಮುಂಭಾಗಕ್ಕೆ ಹಿಂದೊಮ್ಮೆ ಹೊಸ ದೀಪಗಳನ್ನು ಹಾಕಿದ್ದರು. ಅವುಗಳಿಗೆ ಅಪ್ಪಣೆ ಇಲ್ಲಿಂದ ಹೋಗುತ್ತಿತ್ತು. ಆ ದೀಪಗಳನ್ನು ತೆಗೆದು ಎಷ್ಟೋ ಕಾಲವಾಗಿತ್ತು. ಕವಲು ಮಾತ್ರ ಉಳಿದುಕೊಂಡಿತ್ತು.

ಹೊಸೆದ ಜಾಗದ ಮೇಲೆ ಬಿಳಿ ಟೇಪು ಸುತ್ತಿ ತಾರೀಖು ಬರೆದಿತ್ತು: ಮಾರ್ಚ್ 7. ವರ್ಷವೂ ಇತ್ತು, ನಟಿ ಬಿದ್ದ ವರ್ಷ. ಕೆಳಗೆ ಅಪ್ಪನ ಗುರುತು, ಬಾಲವಿರುವ ಸೊನ್ನೆ. ಅಪ್ಪ ಹಾಕಿದ ಪ್ರತಿ ತಂತಿಗೂ, ಮನೆಯ ಫ್ಯಾನಿಗೂ ಸಹ, ಹಾಗೆ ಬರೆಯುತ್ತಿದ್ದ. ಅವಳು ಕವಲಿನ ಜೊತೆ ಇನ್ನೂ ನಾಲ್ಕು ಮಾರು ತೆವಳಿದಳು. ಗುಡಿಸುವಾಕೆ ಕಾಲಿಟ್ಟ ಮೆಟ್ಟಿಲಿನ ನೇರ ಕೆಳಗೆ ಅದರ ತುದಿ ಜೋತಾಡುತ್ತಿತ್ತು. ತುದಿಯಲ್ಲಿ ಒಂದು ಪ್ಲಗ್ಗು. ಬಿಚ್ಚಿ ನೋಡಿದರೆ ಒಳಗಿನ ರೆಸಿಸ್ಟರಿನ ಒಂದು ಕಾಲು ತುಕ್ಕು ಹಿಡಿದು ಮುರಿದಿತ್ತು. ಮೆಟ್ಟಿಲು ಅದುರಿದಾಗಲೆಲ್ಲ ತಾಗಿ ಬಿಟ್ಟು, ತಾಗಿ ಬಿಟ್ಟು ಮಾಡುತ್ತಿತ್ತು. ಪ್ಲಗ್ಗಿನ ಮೇಲೂ ಬಿಳಿ ಟೇಪು, ಬಾಲವಿರುವ ಸೊನ್ನೆ. ಅದರ ಮೇಲಿನ ತಾರೀಖು ಮಾರ್ಚ್ 13, ಅದೇ ವರ್ಷ.

ಅವಳು ಅಲ್ಲೇ ಬೋರಲು ಮಲಗಿದ್ದಳು. ಏಳನೆಯ ತಾರೀಖು ಕವಲು ತೆಗೆದದ್ದು. ತುದಿಗೆ ಪ್ಲಗ್ಗಿಲ್ಲದೆ ನಾಲ್ಕು ದಿನ ನಡೆದು ಹನ್ನೊಂದರಂದು ದೀಪ ಆರಿ ನಟಿ ಬಿದ್ದದ್ದು. ಹದಿಮೂರರಂದು ಪ್ಲಗ್ಗು ಬಂದು ಕೂತಿದೆ. ವಿಚಾರಣೆ ಹದಿನಾರಕ್ಕೆ. ಮೇಲೆ ಗುಡಿಸುವಾಕೆ, ಅಕ್ಕಾ, ಇದ್ದೀರಾ ಎಂದು ಮೂರು ಸಲ ಕೇಳಿದ ಮೇಲೆ ಅವಳು ಓಗೊಟ್ಟಳು.

ಕವಲನ್ನು ಕತ್ತರಿಸಿ ಲೈನನ್ನು ನೇರಮಾಡಲು ಅರ್ಧ ಗಂಟೆ ಸಾಕಾಯಿತು. ಸಂಜೆಯ ಆಟಕ್ಕೆ ಬಾಲ್ಕನಿ ತುಂಬಿತ್ತು. ದೀಪಗಳು ರೆಪ್ಪೆ ಅಲುಗಿಸಲಿಲ್ಲ. ಮ್ಯಾನೇಜರು ಏನಾಗಿತ್ತು ಎಂದು ಕೇಳಿದರು. ಹಳೆಯ ಕವಲೊಂದು ಉಳಿದುಕೊಂಡಿತ್ತು ಎಂದಳು. ಯಾರು ಹಾಕಿದ್ದು ಎಂದರು. ಹಳೆಯದು ಎಂದಷ್ಟೇ ಹೇಳಿದಳು. ಸೋಡಾಬುಡ್ಡಿಯ ಬಳಿ ಮಾತ್ರ ಮ್ಯಾನೇಜರು ಏನೂ ಹೇಳಲಿಲ್ಲ. ಅವನ ಕೈಯ ಬಗ್ಗೆ ಆಡಿದ ಮಾತು ಆಡಿದ ಹಾಗೇ ಉಳಿಯಿತು.

ಮಾರನೆಯ ಬೆಳಿಗ್ಗೆ ಲೈಟಕ್ಕ ಆ ಎರಡು ಟೇಪಿನ ಚೂರುಗಳನ್ನು ಅಪ್ಪನ ಚಹಾದ ಲೋಟದ ಪಕ್ಕದಲ್ಲಿಟ್ಟಳು. ಅಪ್ಪನಿಗೆ ಎಪ್ಪತ್ತೊಂದು. ಕೈ ನಡುಗುತ್ತಿತ್ತು, ತಲೆ ನಡುಗುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಒಂದನ್ನು ಓದಿದ, ಇನ್ನೊಂದನ್ನು ಓದಿದ. ಎರಡನ್ನೂ ಮೇಜಿನ ಅಂಚಿಗೆ ಸಮನಾಗಿ ಜೋಡಿಸಿದ.

"ಯಾವಾಗ ಗೊತ್ತಾಯ್ತಪ್ಪ?"

"ಮಾರನೇ ದಿನ ಅನುಮಾನ ಬಂತು. ಅದರ ಮಾರನೇ ದಿನ ಗೊತ್ತಾಯ್ತು."

"ವಿಚಾರಣೆ ಹದಿನಾರಕ್ಕಿತ್ತು."

"ಹೌದು. ಅವತ್ತು ಲೈನು ಸರಿಯಿತ್ತು. ನಾನು ಸುಳ್ಳು ಹೇಳಲಿಲ್ಲ."

ಅಪ್ಪ ಅಷ್ಟು ವರ್ಷ ಆ ಮಾತನ್ನು ನುಣ್ಣಗೆ ಉಜ್ಜಿ ಇಟ್ಟುಕೊಂಡಿದ್ದನೆಂದು ಕಾಣುತ್ತದೆ; ಎಲ್ಲಿ ಹಿಡಿದರೂ ಜಾರುತ್ತಿತ್ತು. ಆಮೇಲೆ ಅವನೇ ಒಂದೊಂದಾಗಿ ಹೇಳಿದ. ಹೊಸ ದೀಪಗಳು ಎಂಟನೆಯ ತಾರೀಖು ಉರಿಯಲೇಬೇಕೆಂದು ಆಗಿನ ಮ್ಯಾನೇಜರು ಪಟ್ಟು ಹಿಡಿದು ಕೂತಿದ್ದರು, ಕವಲಿನ ಪೆಟ್ಟಿಗೆ ಬರಲು ಹತ್ತು ದಿನ ಬೇಕಿತ್ತು, ಅಲ್ಲಿಯವರೆಗೆ ಮಾತ್ರ ಎಂದು ಹೊಸೆದಿದ್ದ. ಒಪ್ಪಿಕೊಂಡಿದ್ದರೆ ಕೆಲಸ ಹೋಗುತ್ತಿತ್ತು, ಜೈಲೂ ಆಗುತ್ತಿತ್ತೇನೋ. ತಮ್ಮನಿಗೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಎಂದುಕೊಂಡಿದ್ದ. ತಮ್ಮನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಹೊಲಿಗೆಯವಳ ಹೆಸರೆತ್ತಿದಾಗ, ಅದು ನಿಲ್ಲುವ ಸಂಬಂಧವಲ್ಲ ಎಂದು ಕೈಯಾಡಿಸಿದ.

"ಮೊಣಕೈ ತಾಗಿರಬಹುದು ಅಂತ ಚಿಕ್ಕಪ್ಪನಿಗೆ ಹೇಳಿಕೊಟ್ಟೋರು ಯಾರು?"

"ಹೇಳಿಕೊಡಲಿಲ್ಲ. ತಾಗಿತಾ ಅಂತ ಕೇಳಿದೆ. ಚೆನ್ನಾಗಿ ಯೋಚನೆ ಮಾಡಿ ನೋಡು ಅಂದೆ. ದಿನಾ ಕೇಳಿದೆ, ಅಷ್ಟೆ."

"ಆಮೇಲೆ ಅವನ ಕುರ್ಚಿಗೆ ನನ್ನನ್ನ ಕೂರಿಸಿದೆ."

"ಕುರ್ಚಿ ಖಾಲಿ ಇತ್ತು. ನೀನು ಗೋಡೆ ನೋಡ್ತಾ ಕೂತಿದ್ದೆ." ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ತಂದ. "ಅದರ ಅನ್ನ ನೀನೂ ಉಂಡಿದ್ದೀಯ. ಅದನ್ನ ಮರೆತು ಮಾತಾಡಬೇಡ."

ಅವಳು ಮರೆತಿರಲಿಲ್ಲ. ಹಿಂದಿನ ದಿನ ಹಲಗೆಯ ಕೆಳಗೆ ಮಲಗಿದ್ದಾಗಲೇ ಅದು ಅವಳಿಗೆ ಹೊಳೆದಿತ್ತು.

ಶನಿವಾರ ಮಧ್ಯಾಹ್ನ ಅವಳು ಕಾಗದದ ಗೋದಾಮಿಗೆ ಹೋದಳು. ಗೇಟಿನ ಪಕ್ಕದಲ್ಲಿ ತಗಡಿನ ಗೂಡು, ಅದರಲ್ಲಿ ಒಂದು ಸ್ಟೂಲು, ಗೋಡೆಗೆ ತೂಗುಹಾಕಿದ ಬೀಗದ ಕೈಗಳು. ಚಿಕ್ಕಪ್ಪ ಅವಳನ್ನು ನೋಡಿ ಸ್ಟೂಲು ಬಿಟ್ಟುಕೊಟ್ಟು, ತಾನು ಕಾಗದದ ಕಟ್ಟಿನ ಮೇಲೆ ಕೂತ. ಅಣ್ಣ ಹುಷಾರಿದ್ದಾನಾ ಎಂದು ಗಾಬರಿಯಾಗಿ ಕೇಳಿದ. ಹುಷಾರಿದ್ದಾನೆ ಎಂದು ಹೇಳಿ, ಏನನ್ನೂ ಬಿಡದೆ, ಏನನ್ನೂ ಸೇರಿಸದೆ ಅವಳು ಎಲ್ಲವನ್ನೂ ಹೇಳಿದಳು.

ಅವನು ಅಳಲಿಲ್ಲ, ಬೈಯಲಿಲ್ಲ. ಮೊದಲು ಕೇಳಿದ ಪ್ರಶ್ನೆ, ಕವಲು ಬೋರ್ಡಿನಿಂದ ಎಷ್ಟು ದೂರದಲ್ಲಿತ್ತು ಎಂಬುದು. ಆಮೇಲೆ ಕವಲಿನ ಉದ್ದ ಕೇಳಿದ. ಬಾಲ್ಕನಿಯ ದೀಪಗಳು ಯಾವ ಯಾವ ಸಂಖ್ಯೆಯವೆಂದು ಅವನೇ ನೆನಪಿಸಿಕೊಂಡು ಬೆರಳಲ್ಲಿ ಎಣಿಸಿದ. ಹದಿನಾಲ್ಕು ವರ್ಷದಲ್ಲಿ ಅವನು ಬೋರ್ಡಿನ ಬಗ್ಗೆ ಒಂದು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ; ಈಗ ಅವನ ಕಣ್ಣು ಅವಳನ್ನು ದಾಟಿ ಎಲ್ಲೋ ಒಂದು ರಂಗವನ್ನು ನೋಡುತ್ತಿತ್ತು. ಅವತ್ತು ಆರುವ ಮೊದಲು ಎಡಗಡೆಯ ನೀಲಿ ದೀಪ ಒಮ್ಮೆ ಅದುರಿತ್ತು, ನಾನು ಅದನ್ನು ಕಣ್ಣಿನ ದಣಿವು ಎಂದುಕೊಂಡಿದ್ದೆ ಎಂದ. ಮಾರ್ಚ್ ಎಂಟರಂದೂ ಒಮ್ಮೆ ಅದುರಿತ್ತು, ಅವತ್ತೇ ಅಣ್ಣನಿಗೆ ಹೇಳಿದ್ದೆ ಎಂದೂ ಹೇಳಿದ.

"ನಂಗೆ ನೆನಪಿದೆ ಕಣೇ," ಎಂದ, "ಮೊಣಕೈಗೆ ಗುಂಡಿ ತಾಗಿದ್ದು. ತಣ್ಣಗೆ ತಾಗಿದ್ದು. ಈಗಲೂ ಹಾಗೇ ನೆನಪಿದೆ. ಆಗದೇ ಇದ್ದದ್ದು ಹೇಗೆ ನೆನಪಿರುತ್ತೆ?"

ಅವನು ಮೊಣಕೈ ತಿರುಗಿಸಿ ನೋಡಿಕೊಂಡ.

"ಈ ಮೊಣಕೈಗೆ ನಾನು ಎಷ್ಟು ಬೈದಿದ್ದೀನಿ ಗೊತ್ತಾ? ಸ್ನಾನ ಮಾಡುವಾಗ ಸಹ ಬೈತಿದ್ದೆ." ನಗುವುದಕ್ಕೆ ನೋಡಿದ, ಆಗಲಿಲ್ಲ.

ಆಮೇಲೆ ಅವಳಿಗೆ ಗೊತ್ತೇ ಇಲ್ಲದ ಒಂದು ವಿಷಯ ಹೇಳಿದ. ಬಿದ್ದ ಆ ನಟಿಯ ಮನೆಗೆ ಅವನು ಹನ್ನೊಂದು ವರ್ಷ ಹೋಗುತ್ತಿದ್ದ, ತಿಂಗಳಿಗೊಂದು ಸಲ. ಮೊದಲ ವರ್ಷ ಅವರು ಬಾಗಿಲು ತೆಗೆಯಲಿಲ್ಲ. ಮೆಟ್ಟಿಲ ಮೇಲೆ ಕೂತು ಎದ್ದು ಬರುತ್ತಿದ್ದ. ಎರಡನೆಯ ವರ್ಷ ತೆಗೆದರು. ಪೇಪರು ಓದಿ ಹೇಳುತ್ತಿದ್ದ, ಔಷಧಿ ತಂದುಕೊಡುತ್ತಿದ್ದ, ಕಾಲಿನ ನೋವು ಹೆಚ್ಚಾದ ದಿನ ಬೈಸಿಕೊಳ್ಳುತ್ತಿದ್ದ. ಮೂರು ವರ್ಷದ ಹಿಂದೆ ಅವರು ತೀರಿಹೋದರು.

"ಆರನೇ ವರ್ಷ ಒಂದಿನ ನನ್ನ ಕೈ ಹಿಡ್ಕೊಂಡು, ನಿನ್ನನ್ನ ಕ್ಷಮಿಸಿದ್ದೀನಿ ಕಣಪ್ಪ ಅಂದ್ರು. ಆ ಕ್ಷಮೇಲೇ ಇಷ್ಟು ದಿನ ಉಸಿರಾಡಿದ್ದು ನಾನು. ಈಗ ಅದನ್ನ ಯಾರಿಗೆ ಕೊಡಲಿ ಹೇಳು?"

ಒಂದು ಲಾರಿ ಬಂತು. ಅವನು ಎದ್ದು ಗೇಟು ತೆಗೆದು, ಚೀಟಿ ನೋಡಿ, ಗೇಟು ಹಾಕಿ ಬಂದು ಮತ್ತೆ ಅಲ್ಲೇ ಕೂತ. ಅಣ್ಣ ನಿನ್ನನ್ನು ಕಳಿಸಿದನಾ ಎಂದು ಕೇಳಿದ. ಇಲ್ಲ, ನಾನೇ ಬಂದೆ ಎಂದಳು.

"ಹಾಗಾದ್ರೆ ನಾನು ಕೇಳಿಸಿಕೊಂಡಿಲ್ಲ. ಅವನು ಹೇಳಲಿ. ಅವನು ಹೇಳಿದ ದಿನ ಕೇಳ್ತೀನಿ."

ಅವಳು ಅದನ್ನು ಅಪ್ಪನಿಗೆ ತಲುಪಿಸಿದಳು. ಚಿಕ್ಕಪ್ಪನಿಗೆ ಗೊತ್ತಾಗಿದೆ, ನೀನು ಬಾಯಿಬಿಟ್ಟು ಹೇಳಲೆಂದು ಕಾಯುತ್ತಿದ್ದಾನೆ ಎಂದಳು. ಅಪ್ಪ ಕಿಟಕಿಯಾಚೆ ನೋಡುತ್ತ, ಗೊತ್ತಾಗಿದ್ದರೆ ಮತ್ತೆ ಹೇಳುವುದೇನು ಉಳಿಯಿತು ಎಂದ.

ಭಾನುವಾರ ಚಿಕ್ಕಪ್ಪ ಎಂದಿನಂತೆ ಹನ್ನೆರಡೂವರೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಮುಖ ಕ್ಷೌರ ಮಾಡಿಕೊಂಡು ಗದ್ದದಲ್ಲಿ ಗಾಯ ಮಾಡಿಕೊಂಡಿದ್ದ. ಮೂವರೂ ಊಟಕ್ಕೆ ಕೂತರು. ಅಪ್ಪ ಪಕ್ಕದ ಮನೆಯ ನಾಯಿಯ ಬಗ್ಗೆ, ನೀರಿನ ಒತ್ತಡ ಕಡಿಮೆಯಾದದ್ದರ ಬಗ್ಗೆ ಮಾತಾಡಿದ. ಚಿಕ್ಕಪ್ಪ ಪ್ರತಿ ಮಾತಿಗೂ ತಲೆಯೆತ್ತಿ, ಇದೇ ಇರಬಹುದು ಎಂಬಂತೆ ಅಣ್ಣನ ಮುಖ ನೋಡುತ್ತಿದ್ದ. ಎರಡನೆಯ ಭಾನುವಾರವೂ ಹಾಗೇ ಆಯಿತು. ಇಬ್ಬರನ್ನೇ ಬಿಡೋಣವೆಂದು ಲೈಟಕ್ಕ ಅಂಗಡಿಯ ನೆಪ ಹೇಳಿ ಹೊರಗೆ ಹೋಗಿ ಒಂದು ಗಂಟೆ ರಸ್ತೆಯಲ್ಲಿ ಅಲೆದು ಬಂದಳು. ವಾಪಸು ಬಂದಾಗ ಅಣ್ಣತಮ್ಮಂದಿರು ಎದುರುಬದುರು ಕೂತು ರೇಡಿಯೋ ಕೇಳುತ್ತಿದ್ದರು.

ಮೂರನೆಯ ಭಾನುವಾರ ಊಟ ಮುಗಿದು ಚಿಕ್ಕಪ್ಪ ಏಳುವ ಹೊತ್ತಿಗೆ ಅಪ್ಪ ಗಂಟಲು ಸರಿಮಾಡಿಕೊಂಡ. ಚಿಕ್ಕಪ್ಪ ಎದ್ದವನು ಮತ್ತೆ ಕೂತ. ಅಡಿಗೆಮನೆಯ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದ ಲೈಟಕ್ಕ ಅಲ್ಲೇ ನಿಂತಳು.

"ನಾನು ನಿನಗೇನೂ ಕಡಿಮೆ ಮಾಡಿಲ್ಲ," ಎಂದ ಅಪ್ಪ. "ಎಷ್ಟು ಜನರ ಕಾಲು ಹಿಡಿದು ಆ ಗೇಟಿನ ಕೆಲಸ ಕೊಡಿಸಿದೆ. ಹದಿನಾಲ್ಕು ವರ್ಷ ಒಂದು ಭಾನುವಾರ ತಪ್ಪದೆ ಊಟ ಹಾಕಿದ್ದೀನಿ. ನಾನಿಲ್ಲದಿದ್ದರೆ ನೀನು ಏನಾಗ್ತಿದ್ದೆಯೋ."

ಚಿಕ್ಕಪ್ಪ ಅಣ್ಣನ ಕಡೆ ತಿರುಗಿ ಕೂತ. ಧ್ವನಿ ಏರಿಸಲಿಲ್ಲ.

"ನೀನೇ ಹೇಳಣ್ಣ. ನೀನಿಲ್ಲದಿದ್ದರೆ ನಾನು ಏನಾಗ್ತಿದ್ದೆ?"

ಅಪ್ಪ ಮಗಳ ಕಡೆ ತಿರುಗಿ, ಗಾಳಿ ಬರ್ತಿದೆ, ಆ ಕಿಟಕಿ ಹಾಕು ಎಂದ. ಕಿಟಕಿ ಹಾಕಿಯೇ ಇತ್ತು.

ಚಿಕ್ಕಪ್ಪ ತಟ್ಟೆ ತೊಳೆದಿಟ್ಟು, ಬರ್ತೀನಿ ಎನ್ನದೆ ಹೊರಟುಹೋದ. ಆ ಮನೆಗೆ ಮತ್ತೆ ಬರಲಿಲ್ಲ. ನಾಲ್ಕನೆಯ ಭಾನುವಾರ ಅಪ್ಪ ಒಂದೂವರೆಯವರೆಗೂ ಊಟ ಮುಂದೂಡಿದ. ಐದನೆಯ ಭಾನುವಾರ ಒಂದು ಗಂಟೆಗೇ ಬಡಿಸು ಎಂದ. ತಮ್ಮನ ಹೆಸರೆತ್ತಲಿಲ್ಲ. ಮಗಳ ಜೊತೆ ನೀರು, ಮಾತ್ರೆ, ಬಾಗಿಲು ಎಂಬಷ್ಟೇ ಮಾತು ಉಳಿಯಿತು. ಅವಳು ಅವನಿಗೆ ಬಡಿಸಿದಳು, ಮಾತ್ರೆ ಕೊಟ್ಟಳು, ಅಂಗಿಯ ಗುಂಡಿ ಹಾಕಿದಳು; ಪ್ರೀತಿಯಿಂದಲೋ ಸಿಟ್ಟಿನಿಂದಲೋ ಅವಳಿಗೇ ತಿಳಿಯುತ್ತಿರಲಿಲ್ಲ.

ಆ ವಾರ ಅವಳು ಒಂದು ಪತ್ರ ಬರೆದಳು. ಹದಿನಾಲ್ಕು ವರ್ಷದ ಹಿಂದಿನ ಅಪಘಾತ ಬೋರ್ಡಿನವನ ಕೈತಪ್ಪಿನಿಂದ ಆದದ್ದಲ್ಲ, ಲೈನಿನಲ್ಲಿ ತೆಗೆದ ಕವಲಿನಿಂದ ಆದದ್ದು; ಕವಲು ತೆಗೆದವರು ಆಗಿನ ಮುಖ್ಯ ಎಲೆಕ್ಟ್ರಿಷಿಯನ್, ಅಂದರೆ ನನ್ನ ತಂದೆ; ಅವರಿಗೆ ಎರಡು ದಿನದಲ್ಲಿ ಅದು ತಿಳಿದಿತ್ತು. ಕೊನೆಯಲ್ಲಿ ತನ್ನ ಹೆಸರು ಬರೆದು ಸಹಿ ಹಾಕಿದಳು. ಎರಡು ಟೇಪುಗಳ ಫೋಟೋ ಲಗತ್ತಿಸಿದಳು.

ಮ್ಯಾನೇಜರು ನಿಂತೇ ಓದಿದರು, ಆಮೇಲೆ ಕೂತು ಓದಿದರು. ಆಗಿನ ಮ್ಯಾನೇಜರು ಬದುಕಿಲ್ಲ, ಬಿದ್ದವರೂ ಬದುಕಿಲ್ಲ, ಇದನ್ನು ಈಗ ಯಾರಿಗೆ ಓದಿ ಹೇಳುವುದು ಎಂದು ಕೇಳಿದರು. ಅವರ ನಿಜವಾದ ಪ್ರಶ್ನೆ ಇನ್ನೊಂದಿತ್ತು: ಇದು ಹೊರಗೆ ಹೋದರೆ ನಟಿಯ ಮನೆಯವರು ಸುಮ್ಮನಿರುತ್ತಾರಾ? ಹಳೆಯ ವೈರಿಂಗ್ ಎಂದು ಎರಡು ಸಾಲು ಬರೆದುಕೊಡು, ಸಾಕು ಎಂದರು. ಅವಳು ಒಪ್ಪಲಿಲ್ಲ. ಕೊನೆಗೆ ಅವರು ಪತ್ರವನ್ನು ಒಂದು ಕಂದು ಕಡತದಲ್ಲಿ ಸೇರಿಸಿ, ದಾರ ಕಟ್ಟಿ, ಅಲಮಾರಿನ ಕೆಳಗಿನ ಅರೆಯಲ್ಲಿ ಇಟ್ಟರು. ಸೇರಿಸಿದ್ದೇನೆ, ನೋಡಿದೆಯಲ್ಲ ಎಂದರು. ಅದು ಅಲ್ಲಿಂದ ಮೇಲೇಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ಕೆಲಸ ಬಿಡುತ್ತೇನೆಂದು ಎರಡು ಸಲ ನಿರ್ಧರಿಸಿದಳು. ಎರಡು ಸಲವೂ ಬಿಡಲಿಲ್ಲ. ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬಿಟ್ಟರೆ ಚಿಕ್ಕಪ್ಪನಿಗೆ ಏನೂ ವಾಪಸು ಸಿಗುತ್ತಿರಲಿಲ್ಲ ಎಂಬ ಸಮಾಧಾನವನ್ನು ಅವಳು ತನಗೆ ತಾನೇ ಹೇಳಿಕೊಂಡಳು. ಆ ಸಮಾಧಾನ ಅಪ್ಪನ ಮಾತಿನ ಹಾಗೇ ಕೇಳಿಸಿದ್ದರಿಂದ ಇನ್ನೊಮ್ಮೆ ಹೇಳಿಕೊಳ್ಳಲಿಲ್ಲ.

ಪತ್ರದ ನಕಲನ್ನು ಚಿಕ್ಕಪ್ಪನಿಗೆ ಕೊಡಲು ಹೋದದ್ದು ಒಂದು ಬೆಳಿಗ್ಗೆ. ಅವನು ಗೇಟಿನ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದ. ಕೈ ಒರೆಸಿಕೊಂಡು ಬಿಸಿಲಿಗೆ ಹಿಡಿದು ಪತ್ರ ಓದಿದ. ಮುಗಿಸಿ ಮತ್ತೆ ಮೊದಲಿನಿಂದ ಓದಿದ. ಅಣ್ಣನ ವಿಷಯವಿದ್ದ ಸಾಲಿನ ಮೇಲೆ ಅವನ ಕಣ್ಣು ನಿಂತದ್ದನ್ನು ಅವಳು ನೋಡಿದಳು. ಅವನು ಅವಳ ಕಿವಿಯ ಹಿಂದಿನ ಪೆನ್ಸಿಲು ಕೇಳಿ ತೆಗೆದುಕೊಂಡು, ಪತ್ರವನ್ನು ಗೂಡಿನ ಗೋಡೆಗೆ ಒತ್ತಿ ಹಿಡಿದು ಒಂದು ಜಾಗದಲ್ಲಿ ಗೀಟು ಹಾಕಿದ.

"ಎಡಗಡೆಯ ನೀಲಿ ಅದುರಿದ್ದು ಇಲ್ಲಿಲ್ಲ. ಎಂಟನೇ ತಾರೀಖೇ ಅದುರಿತ್ತು, ಬೋರ್ಡಿನವನು ಅವತ್ತೇ ಹೇಳಿದ್ದ. ಅದನ್ನ ಸೇರಿಸು."

ಸೇರಿಸಿ ಇನ್ನೊಂದು ನಕಲು ತಂದುಕೊಡುತ್ತೇನೆ, ನೀನು ಇಟ್ಟುಕೋ ಎಂದಳು.

"ನನಗೆ ಬೇಡ. ಅಲ್ಲಿನ ಕಡತದಲ್ಲಿ ಸರಿಯಾಗಿ ಇರಲಿ, ಅಷ್ಟೆ."

ಪೆನ್ಸಿಲು ವಾಪಸು ಕೊಟ್ಟ. ಆಚೆ ರಸ್ತೆಯಲ್ಲಿ ಕಾಗದದ ಉರುಳೆಗಳನ್ನು ಹೇರಿಕೊಂಡ ಲಾರಿ ಹಾರ್ನು ಹೊಡೆಯಿತು. ದಾರಿ ಬಿಟ್ಟು ನಿಲ್ಲು, ಬಟ್ಟೆಗೆ ಎಣ್ಣೆ ತಾಗೀತು ಎಂದು ಅವಳನ್ನು ಪಕ್ಕಕ್ಕೆ ಸರಿಸಿ, ಅವನು ಗೇಟಿನ ಎರಡೂ ರೆಕ್ಕೆಗಳನ್ನು ಒಂದಾದ ಮೇಲೊಂದು ತೆಗೆದ.